ಕಟ್ಟಿಕೊಂಡ ಚರಂಡಿ, ಸೋರಿದ ಟ್ರಿಟಿಯಂ: ವರ್ಮಾಂಟ್ ಯಾಂಕೀಯ ಬಾವಿಗಳನ್ನು ಕೈಗಾದ ಕಡೆಯಿಂದ ನೋಡಿದರೆ

ಬೆಂಗಳೂರಿನಲ್ಲಿ ನೀರಿನ ಎಲ್ಲ ರೋಗಕ್ಕೂ ಒಂದೇ ಮದ್ದು, ಆರ್‌ಓ. ಬೋರಿನ ಗಡಸು ನೀರಿಗೆ ಆರ್‌ಓ, ಫ್ಲೋರೈಡಿಗೆ ಆರ್‌ಓ, ಕೋಲಾರ ಚಿಕ್ಕಬಳ್ಳಾಪುರದ ಕಡೆ ಬಂಡೆಯಿಂದ ಕೊಳವೆಬಾವಿಗೆ ಇಳಿಯುವ ಯುರೇನಿಯಂಗೂ ಆರ್‌ಓ. ಈ ಮೂರಕ್ಕೂ ಅದು ಬಹುಮಟ್ಟಿಗೆ ಕೆಲಸ ಮಾಡುತ್ತದೆ. ಅಣುಸ್ಥಾವರ ಸೋರಿದಾಗ ಅಂತರ್ಜಲಕ್ಕೆ ಎಲ್ಲಕ್ಕಿಂತ ಮೊದಲು ಬಂದು ಸೇರುವ ಟ್ರಿಟಿಯಂಗೆ ಮಾತ್ರ ಮಾಡುವುದಿಲ್ಲ. ಟ್ರಿಟಿಯಂ ಎಂದರೆ ವಿಕಿರಣ ಸೂಸುವ ಹೈಡ್ರೋಜನ್. ಅದು ಉಪ್ಪಿನಂತೆ ನೀರಿನಲ್ಲಿ ಕರಗಿ ಕೂತಿರುವುದಿಲ್ಲ, ನೀರಿನ ಅಣುವಿನೊಳಗೇ ಸಾಮಾನ್ಯ ಹೈಡ್ರೋಜನ್ನಿನ ಜಾಗ ಹಿಡಿದಿರುತ್ತದೆ. ಆರ್‌ಓ ಪೊರೆಯ ಪಾಲಿಗೆ ಅದೂ ನೀರೇ. ಕುದಿಸಿದರೆ ಆವಿಯ ಜೊತೆ ಹೋಗುತ್ತದೆ, ತಣಿಸಿದರೆ ಜೊತೆಗೇ ಮರಳುತ್ತದೆ. ಇದ್ದಿಲಿಗೂ ಅಂಟುವುದಿಲ್ಲ, ಮಣ್ಣಿಗೂ ಅಂಟುವುದಿಲ್ಲ.

2047ರ ಹೊತ್ತಿಗೆ 100 ಗಿಗಾವಾಟ್ ಅಣುವಿದ್ಯುತ್ ಎಂಬ ಗುರಿಯನ್ನು ಕೇಂದ್ರ ಸರ್ಕಾರ 2025ರ ಬಜೆಟ್‌ನಲ್ಲಿ ಪ್ರಕಟಿಸಿದೆ. ಕಾರವಾರ ತಾಲ್ಲೂಕಿನ ಕೈಗಾದಲ್ಲಿ ಈಗಿರುವ 220 ಮೆಗಾವಾಟಿನ 4 ಘಟಕಗಳ ಜೊತೆಗೆ 700 ಮೆಗಾವಾಟಿನ ಇನ್ನೆರಡು ಬರಲಿವೆ. ಆ ಕರೆಂಟು ಉರಿಯುವುದು ಬೆಂಗಳೂರಿನ ಮನೆಗಳಲ್ಲೂ. ಹಾಗಿದ್ದೂ ಇಲ್ಲಿ ಅಣುಸ್ಥಾವರದ ಚರ್ಚೆ ಎದ್ದಾಗಲೆಲ್ಲ ಮಾತು ಚೆರ್ನೋಬಿಲ್, ಫುಕುಶಿಮಾಗೆ ಹೋಗಿ ನಿಲ್ಲುತ್ತದೆ. ನೆಲದಡಿಯ ನೀರು ಕೆಡಲು ಅಂಥ ಮಹಾದುರಂತವೇನೂ ಬೇಕಿಲ್ಲ. ಒಂದು ಚರಂಡಿ ಕಟ್ಟಿಕೊಂಡರೆ ಸಾಕು.

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಆದದ್ದು ಅದೇ.

ವರ್ಮಾಂಟ್ ಯಾಂಕೀ ಸ್ಥಾವರ ಇದ್ದದ್ದು ಕನೆಕ್ಟಿಕಟ್ ನದಿಯ ದಂಡೆಯ ಮೇಲಿನ ವರ್ನನ್ ಎಂಬ ಸಣ್ಣ ಊರಿನಲ್ಲಿ. 1972ರಲ್ಲಿ ಶುರುವಾದ ಕುದಿನೀರಿನ ರಿಯಾಕ್ಟರ್. ಜನರಲ್ ಎಲೆಕ್ಟ್ರಿಕ್ ವಿನ್ಯಾಸ, ಫುಕುಶಿಮಾದ ಮೊದಲ ಘಟಕಗಳ ವಂಶದ್ದೇ. 2002ರಲ್ಲಿ ಎಂಟರ್ಜಿ ಕಂಪನಿ ಅದನ್ನು 18 ಕೋಟಿ ಡಾಲರಿಗೆ ಕೊಂಡಿತು. 2006ರಲ್ಲಿ ಉತ್ಪಾದನೆಯನ್ನು ಶೇ 20ರಷ್ಟು ಏರಿಸಿ ಸುಮಾರು 620 ಮೆಗಾವಾಟಿಗೆ ತರಲು ಅನುಮತಿ ಸಿಕ್ಕಿತು. ಮರುವರ್ಷ ಆಗಸ್ಟ್‌ನಲ್ಲಿ ಕೂಲಿಂಗ್ ಟವರಿನ ಒಂದು ಭಾಗ ಕುಸಿಯಿತು. ಅದರ ಮರದ ಕಂಬಗಳು ಒಳಗೇ ಕೊಳೆತಿದ್ದವು. ವಿಕಿರಣಕ್ಕೂ ಆ ಟವರಿಗೂ ಸಂಬಂಧವಿರಲಿಲ್ಲ, ಆದರೆ ಮುರಿದ ಪೈಪಿನಿಂದ ನೀರು ಧುಮುಕುವ ಚಿತ್ರ ಜನರ ಮನಸ್ಸಿನಲ್ಲಿ ಉಳಿಯಿತು. ಪರವಾನಗಿ ಮುಗಿಯುವುದು 2012ರ ಮಾರ್ಚ್‌ನಲ್ಲಿ. ಇನ್ನೂ 20 ವರ್ಷ ಬೇಕೆಂದು ಕಂಪನಿ ಅರ್ಜಿ ಹಾಕಿತ್ತು. ವಿಸ್ತರಣೆಗೆ ರಾಜ್ಯದ ಶಾಸನಸಭೆಯ ಒಪ್ಪಿಗೆಯೂ ಬೇಕೆಂದು ವರ್ಮಾಂಟ್ 2006ರಲ್ಲೇ ಕಾನೂನು ಮಾಡಿಟ್ಟುಕೊಂಡಿತ್ತು.

ಆ ವಿಚಾರಣೆಗಳ ನಡುವೆ ಒಂದು ಸರಳ ಪ್ರಶ್ನೆ ಬಂತು: ವಿಕಿರಣವಿರುವ ದ್ರವ ಹರಿಯುವ ಪೈಪು ನೆಲದಡಿ ಇದೆಯೇ? ಇಲ್ಲ ಎಂದು ಕಂಪನಿಯ ಅಧಿಕಾರಿಗಳು ಉತ್ತರ ಕೊಟ್ಟರು. 2010ರ ಜನವರಿ ಮೊದಲ ವಾರ ಆವರಣದ ಒಂದು ವೀಕ್ಷಣಾ ಬಾವಿಯಲ್ಲಿ ಟ್ರಿಟಿಯಂ ಇರುವುದನ್ನು ಅದೇ ಕಂಪನಿ ಸರ್ಕಾರಕ್ಕೆ ತಿಳಿಸಬೇಕಾಯಿತು.

ಮೊದಲ ಅಂಕಿ ಅಮೆರಿಕದ ಕುಡಿಯುವ ನೀರಿನ ಮಿತಿಗಿಂತ, ಅಂದರೆ ಲೀಟರಿಗೆ 20,000 ಪಿಕೋಕ್ಯೂರಿಗಿಂತ (ವಿಕಿರಣದ ಒಂದು ಅಳತೆ) ಕೆಳಗಿತ್ತು. ಹುಡುಕಾಟ ಇಂಥ ಕಡೆ ನಡೆಯುವ ರೀತಿ ಹೀಗೆ: ಅಂತರ್ಜಲ ಯಾವ ದಿಕ್ಕಿಗೆ ಹರಿಯುತ್ತದೆ ಎಂದು ಬಾವಿಗಳ ನೀರಿನ ಮಟ್ಟದಿಂದ ಕಂಡುಕೊಳ್ಳುವುದು, ಆ ಹರಿವಿಗೆ ಎದುರಾಗಿ ಹೊಸ ಬಾವಿ ಕೊರೆಯುತ್ತ ಹೋಗುವುದು, ಅಂಕಿ ಏರುತ್ತಿದ್ದರೆ ದಾರಿ ಸರಿ ಎಂದರ್ಥ. ವರ್ನನ್‌ನಲ್ಲಿ ನೀರು ಪೂರ್ವಕ್ಕೆ, ನದಿಯ ಕಡೆಗೆ ಹರಿಯುತ್ತಿತ್ತು. ಕೆಲವೇ ವಾರಗಳಲ್ಲಿ ಒಂದು ಬಾವಿಯ ಅಂಕಿ 25 ಲಕ್ಷ ಪಿಕೋಕ್ಯೂರಿ ದಾಟಿತು. ಆ ಬಾವಿಯ ಪಕ್ಕದಲ್ಲಿದ್ದದ್ದು ಅನಿಲ ಸಂಸ್ಕರಿಸುವ ಕಟ್ಟಡ.

ಕುದಿನೀರಿನ ರಿಯಾಕ್ಟರಿನಲ್ಲಿ ಹಬೆ ನೇರವಾಗಿ ಟರ್ಬೈನಿಗೆ ಹೋಗುತ್ತದೆ. ಹಬೆಯನ್ನು ಮತ್ತೆ ನೀರಾಗಿಸುವ ಕಂಡೆನ್ಸರಿನಲ್ಲಿ ಉಳಿಯುವ ಹೈಡ್ರೋಜನ್, ಆಕ್ಸಿಜನ್, ಜೊತೆಗೆ ಕ್ಸೆನಾನ್, ಕ್ರಿಪ್ಟಾನ್‌ಗಳನ್ನು ಎಳೆದು ಈ ಕಟ್ಟಡಕ್ಕೆ ಕಳಿಸುತ್ತಾರೆ. ಅಲ್ಲಿ ಮೊದಲೆರಡನ್ನು ಮತ್ತೆ ನೀರಾಗಿಸಿ, ಉಳಿದವನ್ನು ಇದ್ದಿಲ ಹಾಸಿನಲ್ಲಿ ತಡೆಹಿಡಿದು, ವಿಕಿರಣ ಇಳಿದ ಮೇಲೆ ಚಿಮಣಿಗೆ ಬಿಡುತ್ತಾರೆ. ಈ ಮಾರ್ಗದ ಪೈಪುಗಳು ನೆಲದಡಿಯ ಕಾಂಕ್ರೀಟ್ ಸುರಂಗದಲ್ಲಿ ಹೋಗುತ್ತಿದ್ದವು. ತುಕ್ಕು ಹಿಡಿದ ಪೈಪು ಸೋರಿತು. ಸೋರಿದ್ದು ಸುರಂಗದ ನೆಲದ ಚರಂಡಿಗೆ ಬಿದ್ದು ತ್ಯಾಜ್ಯದ ತೊಟ್ಟಿಗೆ ಹೋಗಬೇಕಿತ್ತು. ಚರಂಡಿ ಕಸಮಣ್ಣಿನಿಂದ ಕಟ್ಟಿಕೊಂಡಿತ್ತು. ನೀರು ನಿಂತಿತು, ಮಟ್ಟ ಏರಿತು, ಸುರಂಗದ ಗೋಡೆಯ ಸಂದಿನಿಂದ ಹೊರಗಿನ ಮಣ್ಣಿಗೆ ಒಸರಿತು.

ಅಪಾರ್ಟ್‌ಮೆಂಟಿನ ನೆಲಮಾಳಿಗೆ ನೋಡಿಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಸ್‌ಟಿಪಿ ಪಕ್ಕದ ಡ್ರೈನ್ ಕಟ್ಟಿಕೊಂಡಾಗ ಅದರ ಗುರುತು ಮೊದಲು ಕಾಣುವುದು ಡ್ರೈನಿನಲ್ಲಲ್ಲ, ಆಚೆ ಬದಿಯ ಸಂಪಿನ ಗೋಡೆಯಲ್ಲಿ. ಟ್ಯಾಂಕರ್ ಬಿಲ್ಲು ಜಾಸ್ತಿಯಾಗಿದ್ದರಿಂದಲೇ ಸೋರಿಕೆ ಗೊತ್ತಾಗುವ ಮಟ್ಟದ್ದು ದೊಡ್ಡ ಸೋರಿಕೆ. ಗಂಟೆಗೆ ಒಂದೆರಡು ಲೀಟರ್ ಹೋದರೆ ಯಾವ ಮೀಟರಿಗೂ ಕಾಣದು. ಸ್ಥಾವರದಲ್ಲೂ ಅಷ್ಟೇ. ಒಳಗೆ ಬಂದ ನೀರಿಗೂ ಹೊರಗೆ ಹೋದ ನೀರಿಗೂ ತಾಳೆ ನೋಡುವ ಲೆಕ್ಕದಲ್ಲಿ ಸಣ್ಣ ಒಸರು ಮುಳುಗಿಹೋಗುತ್ತದೆ. ಹಾಗಾಗಿ ಬಾವಿಯೇ ಸಾಕ್ಷಿ.

ಸೋರಿಕೆ ನಿಲ್ಲಿಸಿದ ಮೇಲೆ ಲಕ್ಷಾಂತರ ಲೀಟರ್ ಅಂತರ್ಜಲವನ್ನು ಪಂಪು ಮಾಡಿ ತೆಗೆದರು, ಒಸರಿದ ಜಾಗದ ಮಣ್ಣು ಅಗೆದರು. ಆ ಮಣ್ಣಿನಲ್ಲಿ ಸೀಸಿಯಂ-137, ಕೋಬಾಲ್ಟ್-60, ಸ್ಟ್ರಾನ್ಷಿಯಂ-90 ಸಿಕ್ಕವು. ಸುದ್ದಿಗಳಲ್ಲಿ ಎದ್ದು ಕಂಡದ್ದು ಟ್ರಿಟಿಯಂನ ಲಕ್ಷದ ಅಂಕಿ. ತಿಳಿದವರು ಕಣ್ಣಿಟ್ಟದ್ದು ಈ ಮಣ್ಣಿನ ಮೇಲೆ.

ಅಂಕಿ ಎಷ್ಟು, ಅಪಾಯ ಎಷ್ಟು

ಒಂದು ಬೆಕ್ಕರೆಲ್ ಎಂದರೆ ಸೆಕೆಂಡಿಗೆ ಒಂದು ವಿಘಟನೆ. ಅದು 27 ಪಿಕೋಕ್ಯೂರಿಗೆ ಸಮ. 20,000 ಪಿಕೋಕ್ಯೂರಿ ಅಂದರೆ 740 ಬೆಕ್ಕರೆಲ್. 25 ಲಕ್ಷ ಅಂದರೆ ಸುಮಾರು 92,500. ಪಿಕೋಕ್ಯೂರಿಯಲ್ಲಿ ಬರೆದರೆ ಎಲ್ಲವೂ ಭಯಂಕರ, ಟೆರಾಬೆಕ್ಕರೆಲ್‌ನಲ್ಲಿ ಬರೆದರೆ ಎಲ್ಲವೂ ಪುಟ್ಟದು. ಯಾರು ಯಾವ ಅಳತೆ ಆರಿಸಿಕೊಂಡಿದ್ದಾರೆ ಎನ್ನುವುದರಿಂದಲೇ ಅವರ ಪಕ್ಷ ಅರ್ಧ ಗೊತ್ತಾಗುತ್ತದೆ.

ಟ್ರಿಟಿಯಂನ ಅರ್ಧಾಯು, ಅಂದರೆ ಇದ್ದದ್ದು ಅರ್ಧಕ್ಕೆ ಇಳಿಯುವ ಕಾಲ, 12.3 ವರ್ಷ. ಅದರ ಬೀಟಾ ಕಿರಣ ಎಷ್ಟು ದುರ್ಬಲವೆಂದರೆ ಚರ್ಮವನ್ನೂ ದಾಟುವುದಿಲ್ಲ; ಅಪಾಯ ಕುಡಿದೋ, ಉಸಿರಾಡಿಯೋ, ಚರ್ಮ ಹೀರಿಕೊಂಡೋ ಅದು ದೇಹದೊಳಗೆ ಹೋದಾಗ ಮಾತ್ರ. ಒಳಗೆ ಹೋದದ್ದರಲ್ಲಿ ಅರ್ಧ ಸುಮಾರು 10 ದಿನದಲ್ಲಿ ಮೂತ್ರ, ಬೆವರಿನಲ್ಲಿ ಹೊರಟುಹೋಗುತ್ತದೆ. ವಯಸ್ಕರಿಗೆ ಒಂದು ಬೆಕ್ಕರೆಲ್‌ಗೆ ದಶಮಾಂಶ ಬಿಂದುವಿನ ಮುಂದೆ ಹತ್ತು ಸೊನ್ನೆ ಹಾಕಿ 18 ಬರೆದಷ್ಟು, ಅಂದರೆ 0.000000000018 ಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ಎಂಬ ಗುಣಕ ಬಳಸುತ್ತಾರೆ. ದಿನಕ್ಕೆ 2 ಲೀಟರಿನಂತೆ ವರ್ಷಕ್ಕೆ 730 ಲೀಟರ್, ಲೀಟರಿಗೆ 740 ಬೆಕ್ಕರೆಲ್: ಗುಣಿಸಿದರೆ ಸಿಗುವುದು ಸುಮಾರು 0.01 ಮಿಲಿಸೀವರ್ಟ್. ನಿಸರ್ಗದಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ. ವರ್ನನ್‌ನ ಅತಿ ಕೆಟ್ಟ ಬಾವಿಯ ನೀರನ್ನೇ ವರ್ಷವಿಡೀ ಕುಡಿದರೂ 1.2 ಮಿಲಿಸೀವರ್ಟ್ ಆಸುಪಾಸು. ಆ ನೀರನ್ನು ಯಾರೂ ಕುಡಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 10,000 ಬೆಕ್ಕರೆಲ್, ಕೆನಡಾದ ಮಿತಿ 7,000, ಐರೋಪ್ಯ ಒಕ್ಕೂಟ ತನಿಖೆಗೆ ಇಳಿಯುವ ಮಟ್ಟ 100. ಅಷ್ಟು ಅಂತರ ಯಾಕೆಂದರೆ ಐರೋಪ್ಯ ಅಂಕಿ ಆರೋಗ್ಯದ ಗೆರೆ ಅಲ್ಲ, ಎಲ್ಲೋ ಏನೋ ಸೋರುತ್ತಿದೆ ಎನ್ನುವ ಎಚ್ಚರಿಕೆಯ ಗಂಟೆ.

ಟ್ರಿಟಿಯಂ ಅನ್ನು ಹಾಗೆಯೇ ಓದಬೇಕು. ಮಣ್ಣಿನಲ್ಲಿ ಅದು ನೀರಿನ ವೇಗದಲ್ಲೇ ಓಡುತ್ತದೆ. ಸ್ಟ್ರಾನ್ಷಿಯಂ ಕ್ಯಾಲ್ಷಿಯಂನ ಹಾಗೆ ಮಣ್ಣಿನ ಕಣಕ್ಕೆ ಹತ್ತಿ ಬಿಟ್ಟು, ಹತ್ತಿ ಬಿಟ್ಟು ನಿಧಾನಕ್ಕೆ ಬರುತ್ತದೆ. ಸೀಸಿಯಂ ಜೇಡಿಯಲ್ಲಿ ಸಿಕ್ಕಿಕೊಂಡರೆ ಬಹುಪಾಲು ಅಲ್ಲೇ ಉಳಿಯುತ್ತದೆ. ಆದರೆ ಅಮೆರಿಕದಲ್ಲಿ ಸ್ಟ್ರಾನ್ಷಿಯಂ-90ರ ಮಿತಿ ಲೀಟರಿಗೆ ಬರೀ 8 ಪಿಕೋಕ್ಯೂರಿ, ಟ್ರಿಟಿಯಂನದಕ್ಕಿಂತ 2,500 ಪಟ್ಟು ಬಿಗಿ. ಅದು ಮೂಳೆಗೆ ಹೋಗಿ ಕೂರುವ ವಸ್ತು, ಅರ್ಧಾಯು ಸುಮಾರು 29 ವರ್ಷ. 2010ರಲ್ಲಿ ವರ್ನನ್‌ನ ಮಣ್ಣಿನಲ್ಲಿ ಕಂಡ ಸ್ಟ್ರಾನ್ಷಿಯಂ ಬಾವಿ ನೀರಿನಲ್ಲಿ ಸಿಕ್ಕಿದ ಸುದ್ದಿ ಹೊರಬಿದ್ದದ್ದು 2015ರ ಆರಂಭದಲ್ಲಿ, ಅದೂ ಮಿತಿಗಿಂತ ಕೆಳಗೆ. ಅಷ್ಟರಲ್ಲಿ ಸ್ಥಾವರವೇ ಮುಚ್ಚಿತ್ತು.

ಮುಚ್ಚಿಸಿದ್ದು ಟ್ರಿಟಿಯಮ್ಮೇ? ಅರ್ಧಸತ್ಯ. 2010ರ ಫೆಬ್ರುವರಿ 24ರಂದು ವರ್ಮಾಂಟ್ ಸೆನೆಟ್ 26–4 ಮತಗಳಿಂದ ವಿಸ್ತರಣೆಯನ್ನು ತಿರಸ್ಕರಿಸಿತು. ಮತ ಹಾಕಿದವರನ್ನು ಕೆರಳಿಸಿದ್ದು ಬೆಕ್ಕರೆಲ್‌ಗಿಂತ ಹೆಚ್ಚಾಗಿ ಪೈಪುಗಳ ಬಗ್ಗೆ ಕೊಟ್ಟ ಆ ಒಂದು ಉತ್ತರ. ರಾಜ್ಯದ ಅಟಾರ್ನಿ ಜನರಲ್ ತನಿಖೆ ನಡೆಸಿ, ಕ್ರಿಮಿನಲ್ ಮೊಕದ್ದಮೆಗೆ ಬೇಕಾದಷ್ಟು ಸಾಕ್ಷ್ಯವಿಲ್ಲವೆಂದು 2011ರಲ್ಲಿ ಕೈಬಿಟ್ಟರು. ಅದೇ ವರ್ಷ ಮಾರ್ಚ್‌ನಲ್ಲಿ, ಫುಕುಶಿಮಾ ಆದ ದಿನಗಳಲ್ಲೇ, ಕೇಂದ್ರ ನಿಯಂತ್ರಣ ಆಯೋಗ 2032ರವರೆಗೆ ಪರವಾನಗಿ ಕೊಟ್ಟಿತು. ಅಣು ಸುರಕ್ಷತೆ ಎನ್ನುವುದು ಕೇಂದ್ರ ಸರ್ಕಾರದ ಅಧಿಕಾರ, ರಾಜ್ಯದ್ದಲ್ಲ ಎಂದು ನ್ಯಾಯಾಲಯಗಳೂ ಕಂಪನಿಯ ಪರ ನಿಂತವು. ಕೋರ್ಟಿನಲ್ಲಿ ಗೆದ್ದ ಕಂಪನಿಯೇ 2013ರ ಆಗಸ್ಟ್‌ನಲ್ಲಿ ಮುಚ್ಚುವುದಾಗಿ ಹೇಳಿತು: ನೈಸರ್ಗಿಕ ಅನಿಲ ಅಗ್ಗವಾಗಿ, ಒಂಟಿ ಹಳೆಯ ರಿಯಾಕ್ಟರ್ ನಡೆಸುವುದು ಗಿಟ್ಟುತ್ತಿರಲಿಲ್ಲ. 2014ರ ಡಿಸೆಂಬರ್ 29ರಂದು ರಿಯಾಕ್ಟರ್ ನಿಂತಿತು. ನಿಂತ ಮೇಲೂ ನೀರಿನ ಕಾಟ ಬಿಡಲಿಲ್ಲ, ಈ ಸಲ ತಿರುವುಮುರುವಾಗಿ: ಹೊರಗಿನ ಅಂತರ್ಜಲ ಟರ್ಬೈನ್ ಕಟ್ಟಡದ ತಳಕ್ಕೆ ನುಗ್ಗಿ, ಒಳಗಿನ ವಿಕಿರಣ ಹತ್ತಿಸಿಕೊಂಡು, ಅದನ್ನು ಟ್ಯಾಂಕರಿನಲ್ಲಿ ಬೇರೆ ರಾಜ್ಯಕ್ಕೆ ಸಾಗಿಸಬೇಕಾಯಿತು. 2019ರಲ್ಲಿ ನಾರ್ತ್‌ಸ್ಟಾರ್ ಎಂಬ ಕಂಪನಿ ಜಾಗ ಕೊಂಡು ಕಳಚುವ ಕೆಲಸ ಹಿಡಿಯಿತು.

ವರ್ನನ್ ಒಂಟಿ ಉದಾಹರಣೆಯಲ್ಲ. ಅಮೆರಿಕದ 65 ಅಣುಸ್ಥಾವರ ತಾಣಗಳಲ್ಲಿ 48ರಲ್ಲಿ ಟ್ರಿಟಿಯಂ ಸೋರಿದೆ ಎಂದು ಅಸೋಸಿಯೇಟೆಡ್ ಪ್ರೆಸ್ 2011ರಲ್ಲಿ ಲೆಕ್ಕ ಕೊಟ್ಟಿತು. ಇಲಿನಾಯ್‌ನ ಬ್ರೇಡ್‌ವುಡ್‌ನಲ್ಲಿ ತ್ಯಾಜ್ಯ ನೀರು ನದಿಗೆ ಒಯ್ಯುವ ಉದ್ದದ ಪೈಪಿನ ಗಾಳಿ ಕವಾಟಗಳು ಕೈಕೊಟ್ಟವು. 1998 ಮತ್ತು 2000ರಲ್ಲಿ ಒಂದೊಂದು ಸಲವೂ ಸುಮಾರು 30 ಲಕ್ಷ ಗ್ಯಾಲನ್ ಹೊಲಗದ್ದೆಗೆ ಹರಿಯಿತು, ಊರಿನವರಿಗೆ ತಿಳಿದದ್ದು 2005ರ ಕೊನೆಗೆ. ನ್ಯೂಯಾರ್ಕ್ ಬಳಿಯ ಇಂಡಿಯನ್ ಪಾಯಿಂಟ್‌ನಲ್ಲಿ 2005ರಲ್ಲಿ ಬೇರೆ ಕೆಲಸಕ್ಕೆ ನೆಲ ಅಗೆಯುವಾಗ ಬಳಸಿದ ಇಂಧನದ ಕೊಳದ ಗೋಡೆಯಲ್ಲಿ ಬಿರುಕು ಕಂಡಿತು. ಮಿನೆಸೋಟದ ಮಾಂಟಿಸೆಲೋದಲ್ಲಿ 2022ರ ನವೆಂಬರ್‌ನಲ್ಲಿ ಪತ್ತೆಯಾದ ಸುಮಾರು 4 ಲಕ್ಷ ಗ್ಯಾಲನ್ ಸೋರಿಕೆ ಸಾರ್ವಜನಿಕವಾಗಿ ದೊಡ್ಡ ಸುದ್ದಿಯಾದದ್ದು 2023ರ ಮಾರ್ಚ್‌ನಲ್ಲಿ. ಕವಾಟ, ಸಂದು, ಗೋಡೆ. ರಿಯಾಕ್ಟರಿನ ಗರ್ಭ ಎಲ್ಲೂ ಇಲ್ಲ.

ಭಾರಜಲದ ಲೆಕ್ಕ ಬೇರೆ

ಕೈಗಾದ ಕಥೆಗೆ ಬಂದರೆ ಒಂದು ವ್ಯತ್ಯಾಸ ಮೊದಲು ನೆನಪಿಡಬೇಕು. ವರ್ಮಾಂಟ್‌ನದು ಸಾಮಾನ್ಯ ನೀರಿನ ರಿಯಾಕ್ಟರ್. ಅಲ್ಲಿ ಟ್ರಿಟಿಯಂ ಹುಟ್ಟುವುದು ಇಂಧನ ಸೀಳುವಾಗ ಅಪರೂಪಕ್ಕೆ, ನಿಯಂತ್ರಣ ಸರಳುಗಳ ಬೋರಾನಿನಲ್ಲಿ ಒಂದಿಷ್ಟು. ಕೈಗಾದಲ್ಲಿರುವುದು ಭಾರಜಲದ ರಿಯಾಕ್ಟರ್. ಭಾರಜಲವೆಂದರೆ ಸಾಮಾನ್ಯ ಹೈಡ್ರೋಜನ್ನಿನ ಜಾಗದಲ್ಲಿ ಅದರ ಭಾರದ ರೂಪವಾದ ಡ್ಯೂಟೀರಿಯಂ ಇರುವ ನೀರು, ಆ ಡ್ಯೂಟೀರಿಯಂಗೆ ಒಂದು ನ್ಯೂಟ್ರಾನ್ ಹತ್ತಿದರೆ ಟ್ರಿಟಿಯಂ. ಆದ್ದರಿಂದ ನ್ಯೂಟ್ರಾನ್‌ಗಳ ವೇಗ ತಗ್ಗಿಸುವ ಮಾಡರೇಟರ್ ಭಾರಜಲದಲ್ಲಿ ಅದು ವರ್ಷದಿಂದ ವರ್ಷಕ್ಕೆ ಏರುತ್ತ ಹೋಗುತ್ತದೆ. ಇಂಥ ಸ್ಥಾವರದ ಒಂದು ಬಕೆಟ್ ಸೋರಿಕೆ ವರ್ಮಾಂಟ್‌ನ ಟ್ಯಾಂಕರ್‌ಗಟ್ಟಲೆ ನೀರಿಗಿಂತ ತೂಕದ್ದು. ಇದಕ್ಕೆ ಎದುರಾಗಿ ಒಂದು ಸಮಾಧಾನವೂ ಇದೆ: ಭಾರಜಲ ದುಬಾರಿ, ಅದರ ಕಿಲೋ ಕಿಲೋ ಲೆಕ್ಕ ಇಡುತ್ತಾರೆ, ಆವಿಯಾಗಿ ಹೋದದ್ದನ್ನೂ ಹಿಡಿದು ಮರಳಿ ತರುತ್ತಾರೆ. ಸೋರಿಕೆಯ ಮೇಲೆ ಕಣ್ಣಿಡಲು ಸುರಕ್ಷತೆಯಷ್ಟೇ ಜಮಾಖರ್ಚೂ ಕಾರಣ. ಆದರೂ ಕೆನಡಾದ ಪಿಕರಿಂಗ್‌ನ ಭಾರಜಲ ಸ್ಥಾವರದಲ್ಲಿ 1992ರ ಆಗಸ್ಟ್‌ನಲ್ಲಿ ಹೀಟ್ ಎಕ್ಸ್‌ಚೇಂಜರಿನ ಕೊಳವೆ ತೂತಾಗಿ ಮಾಡರೇಟರ್ ಭಾರಜಲ ಒಂಟಾರಿಯೋ ಸರೋವರ ಸೇರಿತ್ತು.

ಕೈಗಾದ ಹೆಸರು ಟ್ರಿಟಿಯಂ ಜೊತೆ ದೇಶಕ್ಕೆಲ್ಲ ಕೇಳಿಸಿದ್ದು 2009ರ ನವೆಂಬರ್‌ನಲ್ಲಿ. 50ಕ್ಕೂ ಹೆಚ್ಚು ಸಿಬ್ಬಂದಿಯ ಮೂತ್ರದ ಮಾಮೂಲಿ ತಪಾಸಣೆಯಲ್ಲಿ ಟ್ರಿಟಿಯಂ ಹೆಚ್ಚಾಗಿ ಕಂಡು, ಮೂಲ ಹುಡುಕಿದಾಗ ಕುಡಿಯುವ ನೀರಿನ ಕೂಲರ್ ಸಿಕ್ಕಿತು. ಯಾರೋ ಬೇಕೆಂದೇ ಅದಕ್ಕೆ ಬೆರೆಸಿದ್ದರು ಎಂದು ಅಧಿಕಾರಿಗಳು ಹೇಳಿದರು. ಅದು ಅಂತರ್ಜಲದ ಪ್ರಕರಣವಲ್ಲ. ಎರಡನ್ನೂ ಕಲಸಿ ಮಾತಾಡುವವರು ಬಹಳ, ಹಾಗಾಗಿ ಇಷ್ಟು ಹೇಳಿದ್ದು.

ಭಾರಜಲ ಸ್ಥಾವರದ ಸುತ್ತ ಇನ್ನೊಂದು ಗೊಂದಲವಿದೆ. ಚಿಮಣಿಯಿಂದ ಅನುಮತಿಯ ಮೇರೆಗೇ ಹೋಗುವ ಟ್ರಿಟಿಯಂ ಆವಿಯನ್ನು ಮಳೆ ತೊಳೆದು ನೆಲಕ್ಕೆ ಇಳಿಸುತ್ತದೆ. ಪಶ್ಚಿಮ ಘಟ್ಟದ ಮಳೆಯಲ್ಲಿ ಇದು ಸಣ್ಣ ಮಾತಲ್ಲ. ಬಾವಿಯಲ್ಲಿ ಟ್ರಿಟಿಯಂ ಸಿಕ್ಕಿತೆಂದ ಮಾತ್ರಕ್ಕೆ ಪೈಪು ಒಡೆದಿದೆ ಎನ್ನಲಾಗದು. ಮಳೆಯಿಂದ ಬಂದದ್ದು ಸುತ್ತಲಿನ ಹಲವು ಬಾವಿಗಳಲ್ಲಿ ತೆಳ್ಳಗೆ ಹರಡಿರುತ್ತದೆ, ಮುಂಗಾರಿನೊಂದಿಗೆ ಏರಿಳಿಯುತ್ತದೆ. ಸೋರಿಕೆ ನಾಲಿಗೆಯ ಹಾಗೆ ಒಂದು ದಿಕ್ಕಿಗೆ ಚಾಚಿರುತ್ತದೆ. ಒಂದು ಬಾವಿಯಲ್ಲಿ ತಿಂಗಳಿಂದ ತಿಂಗಳಿಗೆ ಏರುತ್ತದೆ, ಪಕ್ಕದ್ದರಲ್ಲಿ ಏನೂ ಇರುವುದಿಲ್ಲ.

ಬಂಡೆಯಲ್ಲಿ ಈ ನಾಲಿಗೆ ಹಿಡಿಯುವುದು ಕಷ್ಟ. ಮರಳಿನಲ್ಲಿ ನೀರು ದಿನಕ್ಕೆ 5 ಮೀಟರ್ ಹಾಯುವ ಗುಣ, ನೂರಕ್ಕೆ ಒಂದು ಇಳಿಜಾರು, ಶೇ 25 ರಂಧ್ರಾವಕಾಶ ಎಂದಿಟ್ಟುಕೊಳ್ಳಿ: ಮೊದಲೆರಡನ್ನು ಗುಣಿಸಿ ಮೂರನೆಯದರಿಂದ ಭಾಗಿಸಿದರೆ ದಿನಕ್ಕೆ 20 ಸೆಂಟಿಮೀಟರ್, ವರ್ಷಕ್ಕೆ 73 ಮೀಟರ್. ಬಂಡೆಯ ಹಾಯುವ ಗುಣ ಅದರ ಐವತ್ತರಲ್ಲಿ ಒಂದು, ಅಂದರೆ 0.1 ಮೀಟರ್ ಇರಲಿ, ಇಳಿಜಾರು ನೂರಕ್ಕೆ ಎರಡು. ಆದರೆ ನೀರಿಗೆ ಜಾಗವಿರುವುದು ಬಿರುಕಿನಲ್ಲಿ ಮಾತ್ರ, ಶೇ 1. ಉತ್ತರ ಅದೇ 20 ಸೆಂಟಿಮೀಟರ್. "ಗಟ್ಟಿ ಬಂಡೆ, ನೀರು ಎಲ್ಲಿ ಹೋಗುತ್ತೆ" ಎನ್ನುವ ಧೈರ್ಯ ಮುರಿಯಲು ಈ ಲೆಕ್ಕ ಸಾಕು. ಬೆಂಗಳೂರಿನಲ್ಲಿ ಒಂದು ಸೈಟಿನಲ್ಲಿ ನೀರು ಚಿಮ್ಮಿ, 30 ಅಡಿ ಆಚೆ ಬರೀ ಧೂಳು ಬರುವುದನ್ನು ಕಂಡವರಿಗೆ ಬಿರುಕಿನ ಸ್ವಭಾವ ಗೊತ್ತು. ವೀಕ್ಷಣಾ ಬಾವಿ ತಪ್ಪು ಬಿರುಕಿಗೆ ಬಿದ್ದರೆ ವರದಿ ವರ್ಷಗಟ್ಟಲೆ ಸ್ವಚ್ಛವಾಗಿಯೇ ಇರುತ್ತದೆ.

ಆಳದ ಬೋರ್‌ವೆಲ್‌ನ ನೀರು ತಂದು ಪರೀಕ್ಷಿಸಿದರೆ ಆಗದೇ ಎಂಬ ಪ್ರಶ್ನೆ ಬರುತ್ತದೆ. ಎರಡು ತೊಂದರೆ. ಅಂಥ ಬೋರು ಹತ್ತು ಪದರಗಳ ನೀರನ್ನು ಕಲಸಿ ಕೊಡುತ್ತದೆ, ಕೆಟ್ಟ ಪದರದ್ದು ಉಳಿದ ಒಂಬತ್ತರಲ್ಲಿ ತೆಳುವಾಗುತ್ತದೆ. ಇನ್ನೊಂದು, ದಿನವಿಡೀ ಮೋಟಾರು ಓಡಿದರೆ ಸುತ್ತಲಿನ ನೀರಿನ ಮಟ್ಟ ಆಲಿಕೆಯ ಹಾಗೆ ಕುಸಿದು, ನದಿಯ ಕಡೆ ಹೋಗಬೇಕಾದ ಕೆಟ್ಟ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ವೀಕ್ಷಣಾ ಬಾವಿಯೇ ಬೇರೆ: 2 ಇಂಚಿನ ಪಿವಿಸಿ ಪೈಪು, ನೋಡಬೇಕಾದ ಆಳದಲ್ಲಿ ಮಾತ್ರ 5ರಿಂದ 10 ಅಡಿ ಜಾಲರಿ, ಸುತ್ತ ಮರಳು, ಅದರ ಮೇಲೆ ಬೆಂಟೊನೈಟ್ ಜೇಡಿಯ ಬೆಣೆ. ಬೆಣೆ ಸಡಿಲವಾದರೆ ಮೇಲಿನ ಮಳೆನೀರು ಪೈಪಿನ ಪಕ್ಕದಲ್ಲೇ ಇಳಿದು ಮಾದರಿಯನ್ನು ಸುಳ್ಳು ಮಾಡುತ್ತದೆ. ಒಂದೇ ಜಾಗದಲ್ಲಿ ಎರಡು ಮೂರು ಆಳಕ್ಕೆ ಬೇರೆ ಬೇರೆ ಬಾವಿ ಬೇಕು, ಹರಿವಿನ ಮೇಲ್ಭಾಗದಲ್ಲಿ ಹೋಲಿಕೆಗೆ ಒಂದು ಬೇಕು. ಮಾದರಿ ತೆಗೆಯುವ ಮುನ್ನ ಪೈಪಿನಲ್ಲಿ ನಿಂತ ನೀರಿನ ಮೂರು ಪಟ್ಟು ಹೊರಹಾಕಬೇಕು. 2 ಇಂಚಿನ ಪೈಪಿನಲ್ಲಿ 10 ಮೀಟರ್ ನೀರಿದ್ದರೆ 20 ಲೀಟರ್, ಅಂದರೆ 60 ಲೀಟರ್ ಚೆಲ್ಲಿದ ಮೇಲೆ ಬಾಟಲಿ ಹಿಡಿಯುವುದು. ಬಾಟಲಿಯನ್ನು ತುಂಬ ತುಂಬಿಸಿ ಬಿಗಿಯಾಗಿ ಮುಚ್ಚಬೇಕು. ಸ್ಥಾವರದೊಳಗಿನ ಕೋಣೆಯಲ್ಲಿ ತೆರೆದರೆ ಗಾಳಿಯ ಟ್ರಿಟಿಯಂ ಆವಿಯೇ ಮಾದರಿಗೆ ಸೇರೀತು.

ಪ್ರಯೋಗಾಲಯದಲ್ಲಿ ಗೈಗರ್ ಕೌಂಟರ್ ಹಿಡಿದರೆ ಏನೂ ಸಿಗದು, ಗಾಮಾ ಯಂತ್ರಕ್ಕೂ ಟ್ರಿಟಿಯಂ ಕಾಣದು. ನೀರನ್ನು ಬಟ್ಟಿ ಇಳಿಸಿ, ಮಿನುಗುವ ದ್ರಾವಣದೊಂದಿಗೆ ಬೆರೆಸಿ, ಕತ್ತಲೆಯಲ್ಲಿ ಕೆಲವು ಗಂಟೆ ಇಟ್ಟು, ದ್ರವ ಸಿಂಟಿಲೇಷನ್ ಕೌಂಟರಿನಲ್ಲಿ ಎಣಿಸಬೇಕು. ಕತ್ತಲೆಯ ಹಂತ ತಪ್ಪಿಸಿದರೆ ಟ್ಯೂಬ್‌ಲೈಟಿನ ಬೆಳಕು ಹೀರಿದ ದ್ರಾವಣವೇ ಮಿನುಗಿ ಟ್ರಿಟಿಯಂ ಇದೆ ಎನ್ನುತ್ತದೆ. ಸ್ಟ್ರಾನ್ಷಿಯಂ-90 ಬೇಕಾದರೆ ರಾಸಾಯನಿಕವಾಗಿ ಬೇರ್ಪಡಿಸಿ, ಅದರ ಮರಿಯಾದ ಇಟ್ರಿಯಂ ಬೆಳೆಯಲು ಸುಮಾರು ಎರಡು ವಾರ ಕಾಯಬೇಕು. ವರದಿಯಲ್ಲಿ "ಪತ್ತೆಯಾಗಿಲ್ಲ" ಎಂದಿದ್ದರೆ ಪಕ್ಕದಲ್ಲಿ ಪತ್ತೆಯ ಕನಿಷ್ಠ ಮಿತಿ ಎಷ್ಟು ಎಂದಿರಬೇಕು. 10 ಬೆಕ್ಕರೆಲ್ ಹಿಡಿಯುವ ಯಂತ್ರದ "ಇಲ್ಲ"ಕ್ಕೂ 500 ಹಿಡಿಯುವ ಯಂತ್ರದ "ಇಲ್ಲ"ಕ್ಕೂ ಅಜಗಜಾಂತರ.

ಕೈಗಾದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಪರಿಸರ ಸಮೀಕ್ಷಾ ಪ್ರಯೋಗಾಲಯವಿದೆ, ಕದ್ರಾ ಜಲಾಶಯದ ನೀರು, ಹಾಲು, ಮೀನು ಎಲ್ಲ ಅಳೆಯುತ್ತಾರೆ. ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಕೇಳಬೇಕಾದದ್ದು ಇವು: ಆವರಣದೊಳಗೆ ಎಷ್ಟು ವೀಕ್ಷಣಾ ಬಾವಿಗಳಿವೆ, ಯಾವ ಆಳಕ್ಕೆ, ಯಾವ ಪೈಪಿನ ಕೆಳಗಿನ ಹರಿವಿನಲ್ಲಿ? ನೆಲದಡಿಯ ಪೈಪು, ಸುರಂಗ, ತೊಟ್ಟಿಗಳ ಪಟ್ಟಿ ಇದೆಯೇ, ಸುರಂಗದ ಚರಂಡಿಯನ್ನು ಕೊನೆಯ ಸಲ ಬಿಡಿಸಿ ನೋಡಿದ್ದು ಯಾವಾಗ? ಎಷ್ಟು ಬೆಕ್ಕರೆಲ್ ಕಂಡರೆ ಎಷ್ಟು ದಿನದೊಳಗೆ ಗ್ರಾಮ ಪಂಚಾಯಿತಿಗೆ, ಕನ್ನಡದಲ್ಲಿ, ತಿಳಿಸುತ್ತೀರಿ? ಬ್ರೇಡ್‌ವುಡ್ ಆದ ಮೇಲೆ ಅಮೆರಿಕದ ಸ್ಥಾವರಗಳು ಇಂಥ ಬಾವಿ ಕೊರೆದು ತಾವಾಗಿಯೇ ವರದಿ ಕೊಡುವ ವ್ಯವಸ್ಥೆ ಮಾಡಿಕೊಂಡವು. ವರ್ನನ್‌ನ ಸೋರಿಕೆ ಸಿಕ್ಕಿದ್ದೂ ಹಾಗೆ ಕೊರೆದ ಬಾವಿಯಲ್ಲೇ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ನಗಬಹುದು, ಆದರೆ ಆ ದಿಡ್ಡಿ ಬಾಗಿಲೇ ಮುಂದಿನ ಸಲ ಕಳ್ಳನನ್ನು ಹಿಡಿಯಿತು.

ಹೊಸ ಘಟಕಗಳ ವಿಷಯದಲ್ಲಿ ಒಂದು ಕೆಲಸಕ್ಕೆ ಗಡುವಿದೆ. 5 ಮತ್ತು 6ನೇ ಘಟಕಗಳ ಸುತ್ತಲಿನ ಬಾವಿಗಳಲ್ಲಿ, ಸುತ್ತಲ ಹಳ್ಳಿಗಳ ತೆರೆದ ಬಾವಿಗಳಲ್ಲಿ ಇವತ್ತು ಟ್ರಿಟಿಯಂ, ಸ್ಟ್ರಾನ್ಷಿಯಂ ಎಷ್ಟಿದೆ ಎಂಬುದನ್ನು ಕನಿಷ್ಠ ಒಂದು ಪೂರ್ತಿ ವರ್ಷ, ಮಳೆಗಾಲ ಬೇಸಿಗೆ ಎರಡರಲ್ಲೂ ಅಳೆದು ಪ್ರಕಟಿಸಬೇಕು. ಸ್ಟ್ರಾನ್ಷಿಯಂ ಅಂತೂ ಹಳೆಯ ಬಾಂಬ್ ಪರೀಕ್ಷೆಗಳ ಬೂದಿಯಿಂದ ಪ್ರಪಂಚದ ಎಲ್ಲ ಮಣ್ಣಿನಲ್ಲೂ ಚೂರುಪಾರು ಇದೆ. ವರ್ಮಾಂಟ್‌ನಲ್ಲಿ ನದಿಯ ಮೀನಿನಲ್ಲಿ ಅದು ಸಿಕ್ಕಾಗ ಸ್ಥಾವರದ್ದೋ ಬಾಂಬಿನದ್ದೋ ಎಂಬ ಜಗಳ ಎದ್ದದ್ದು ಅದಕ್ಕೇ. ಮೊದಲ ಇಂಧನ ತುಂಬಿದ ಮರುದಿನ ತೆಗೆದ ಮಾದರಿಯನ್ನು ಯಾರೂ "ಮೊದಲಿನದು" ಎಂದು ಒಪ್ಪುವುದಿಲ್ಲ.